ಕೆಟ್ಟರೆ ಯಾರಿಗೆ ಫೋನ್ ಮಾಡೋದು?

ಎರಡನೇ ಇಂಟರ್ನಲ್ಸ್ ನಡೀತಿದ್ದ ವಾರ. ರಾತ್ರಿ ಒಂಬತ್ತರ ಸುಮಾರಿಗೆ ನಮ್ಮಲ್ಲೊಬ್ಬನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. “ನೀವು ಇಂಜಿನಿಯರಿಂಗ್ ಕಾಲೇಜಿನೋರಲ್ವೇನ್ರಪ್ಪಾ? ಪೇಟೆ ಬೀದಿ ಹಾರ್ಡ್‌ವೇರ್ ಅಂಗಡಿಯಿಂದ ಮಾತಾಡ್ತಿರೋದು. ನಿಮ್ಮ ಸಾಫ್ಟ್‌ವೇರ್ ಬೆಳಗ್ಗೆಯಿಂದ ಬರ್ತಾನೇ ಇಲ್ಲ. ಬರೀ ಕಪ್ಪು ಪರದೆ.”

ಅದು ನಮ್ಮ ಸಾಫ್ಟ್‌ವೇರ್ ಆಗಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಸೀನಿಯರ್ಸ್ ನಾಲ್ಕು ಜನ ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಮಾಡಿಕೊಟ್ಟಿದ್ದು. ಸ್ಟಾಕು, ಬಿಲ್ಲು, ಕಡದ ಲೆಕ್ಕ ಮೂರೂ ಒಂದೇ ಕಡೆ. ವೈವಾದಲ್ಲಿ ಒಳ್ಳೆ ಮಾರ್ಕ್ಸ್ ಬಂತು, ನಿಜವಾದ ಕ್ಲೈಂಟಿಗೆ ಕೆಲಸ ಮಾಡಿದ್ದೇವೆ ಅಂತ ರೆಸ್ಯೂಮೆಯಲ್ಲೂ ಬರೆದುಕೊಂಡರು. ಈಗ ನಾಲ್ವರೂ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ಹೋಗುವಾಗ “ಏನಾದ್ರೂ ಆದ್ರೆ ಇವನಿಗೆ ಫೋನ್ ಮಾಡಿ ಅಂಕಲ್” ಅಂತ ಒಬ್ಬ ಜೂನಿಯರ್ ನಂಬರ್ ಕೊಟ್ಟಿದ್ದರು. ಆ ವಿಷಯ ಆ ಜೂನಿಯರ್‌ಗೇ ಗೊತ್ತಿರಲಿಲ್ಲ.

ಮಾರನೇ ದಿನ ಟೆಸ್ಟ್ ಮುಗಿಸಿ ಮೂವರು ಹೋದೆವು. ಹಾರ್ಡ್ ಡಿಸ್ಕ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿತ್ತು. ಆ ಸದ್ದು ಕೇಳಿದವರಿಗೆ ಗೊತ್ತು, ಅದರ ಕಥೆ ಮುಗಿದಿತ್ತು. ಬ್ಯಾಕಪ್ ಇರುತ್ತಲ್ಲ ಅಂದುಕೊಂಡೆವು. ಸೀನಿಯರ್ಸ್‌ಗೆ ಫೋನ್ ಮಾಡಿದೆವು. ಇದೆ, ದಿನಾ ರಾತ್ರಿ ತಾನಾಗೇ ಬ್ಯಾಕಪ್ ಆಗುತ್ತೆ, ರಿಪೋರ್ಟಿನಲ್ಲೂ ಬರೆದಿದ್ದೇವೆ ಅಂದರು. ಎಲ್ಲಿಗೆ ಆಗುತ್ತೆ ಅಂತ ಕೇಳಿದರೆ, ಡಿ ಡ್ರೈವ್‌ಗೆ! ಸಿ ಡ್ರೈವ್, ಡಿ ಡ್ರೈವ್ ಎರಡೂ ಅದೇ ಸತ್ತ ಡಿಸ್ಕಿನ ಎರಡು ಭಾಗ.

ಮಾರಾಟದ ಬಿಲ್ಲುಗಳ ಪ್ರತಿ ಫೈಲಿನಲ್ಲಿತ್ತು. ಅದನ್ನೆಲ್ಲ ಮತ್ತೆ ಟೈಪ್ ಮಾಡಬಹುದು. ಆದರೆ ಯಾರು ಯಾವತ್ತು ಎಷ್ಟು ಕಡ ತೀರಿಸಿದರು ಅನ್ನೋದು ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಅಂಗಡಿಯ ಅರ್ಧ ವ್ಯಾಪಾರ ರೈತರ ಜೊತೆ. ಪೈಪು, ಮೋಟಾರು, ಸ್ಟಾರ್ಟರ್ ತಗೊಂಡು ಹೋಗಿ ಫಸಲು ಬಂದಾಗ ಕಂತು ಕಂತಾಗಿ ಕೊಡುವವರು. ಮುಂದಿನ ಎರಡು ವಾರ ಯಜಮಾನರು ಒಬ್ಬೊಬ್ಬರನ್ನೇ ಕೂರಿಸಿಕೊಂಡು “ನಿಮ್ಮ ಲೆಕ್ಕ ನೀವೇ ಹೇಳಿಬಿಡಿ” ಅಂದರು. ಬಹಳ ಜನ ಸರಿಯಾಗೇ ಹೇಳಿದರು. ಕೆಲವರ ನೆನಪು ಯಜಮಾನರ ನೆನಪಿಗೆ ಹೊಂದಲಿಲ್ಲ. ಇಪ್ಪತ್ತು ವರ್ಷದ ಗಿರಾಕಿಯೊಬ್ಬರು ಮಾತು ಬಿಟ್ಟರು.

ಯಜಮಾನರು ನಮ್ಮನ್ನು ಬೈಯಲಿಲ್ಲ. ಹೊರಡುವಾಗ ಒಂದು ಪ್ರಶ್ನೆ ಮಾತ್ರ ಕೇಳಿದರು. “ನಾನು ಒಂದು ಮೋಟಾರ್ ಮಾರಿದ್ರೆ ವರ್ಷ ಗ್ಯಾರಂಟಿ ಕೊಡ್ತೀನಿ. ಸುಟ್ಟುಹೋದ್ರೆ ಹುಡುಗನ್ನ ಕಳಿಸ್ತೀನಿ. ನಿಮ್ಮ ಸಾಫ್ಟ್‌ವೇರಿಗೆ ಗ್ಯಾರಂಟಿ ಎಷ್ಟು ವರ್ಷ ಅಂತ ಅವತ್ತೇ ಕೇಳ್ಬೇಕಿತ್ತು, ಅಲ್ವಾ?”

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ನಾವು ಹೇಳಬೇಕಿರೋದು ಇಷ್ಟೇ: ಸಣ್ಣ ಅಂಗಡಿ, ಮಧ್ಯಮ ಕಾರ್ಖಾನೆ, ದೊಡ್ಡ ಕಂಪನಿ ಎಲ್ಲರ ಹತ್ತಿರಾನೂ ಈಗ ಕಂಪ್ಯೂಟರ್ ಇದೆ, ಹೆಚ್ಚುಕಡಿಮೆ ಅದೇ ಕಂಪ್ಯೂಟರ್. ವ್ಯತ್ಯಾಸ ಗೊತ್ತಾಗೋದು ಅದು ಕೆಟ್ಟ ದಿನ, ಫೋನ್ ಎತ್ತೋಕೆ ಆ ಕಡೆ ಯಾರಾದರೂ ಇದ್ದಾರಾ ಅನ್ನುವಾಗ. ನಮಗೆ ನಾಲ್ಕು ವರ್ಷ ಕಟ್ಟೋದನ್ನ ಹೇಳಿಕೊಡ್ತಾರೆ. ಕಟ್ಟಿದ್ದನ್ನು ನೋಡಿಕೊಳ್ಳೋದು ನಮ್ಮ ಕೆಲಸ ಅಂತ ನಮಗೇ ಅನ್ನಿಸಿಲ್ಲ.

ಅಂಗಡಿಯ ಐಟಿ ವಿಭಾಗ

ನಮ್ಮ ಪೇಟೆ ಬೀದಿಯನ್ನೇ ತಗೊಳ್ಳಿ. ಐಟಿ ಇಲ್ಲದ ಅಂಗಡಿ ಒಂದೂ ಸಿಗಲ್ಲ. ಎಳನೀರು ಗಾಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಆರ್ಡರ್ ವಾಟ್ಸಾಪಿನಲ್ಲಿ ಬರುತ್ತೆ, ಲೆಕ್ಕ ಟ್ಯಾಲಿಯಲ್ಲಿ ಕೂರುತ್ತೆ, ಜಿಎಸ್‌ಟಿ ರಿಟರ್ನ್ ಆಡಿಟರ್ ಆಫೀಸಿನಿಂದ ಹೋಗುತ್ತೆ. ಇದಕ್ಕೆಲ್ಲ ಸಪೋರ್ಟ್ ಯಾರು? ಕಂಪ್ಯೂಟರ್ ಮಾರಿದ ಅಂಗಡಿಯ ಹುಡುಗ, ಡಿಪ್ಲೊಮಾ ಓದಿದ ತಂಗಿಯ ಮಗ, ಅಥವಾ ‘ಗೊತ್ತಿರೋ ಒಬ್ಬ ಹುಡುಗ’. ಅವನು ಊರಲ್ಲಿದ್ದರೆ ಕೆಲಸ ಆಯ್ತು. ಇಲ್ಲದಿದ್ದರೆ ಅವನು ಹಬ್ಬಕ್ಕೆ ಬರೋವರೆಗೂ ಕಾಯಬೇಕು.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು ಯುಪಿಐ. 2016ರಲ್ಲಿ ಶುರುವಾದ ವ್ಯವಸ್ಥೆ ಇಷ್ಟು ಬೇಗ ತರಕಾರಿ ಗಾಡಿಯವರೆಗೂ ಹೋಯಿತಲ್ಲ, ಯಾಕೆ? ಸುಲಭ ಇದೆ ಅನ್ನೋದು ಒಂದು ಉತ್ತರ. ನಮಗೆ ಇನ್ನೊಂದೂ ಕಾಣುತ್ತೆ: ಅಂಗಡಿಯವರು ನೋಡಿಕೊಳ್ಳಬೇಕಾದ್ದು ಅಲ್ಲಿ ಏನೂ ಇಲ್ಲ. ಸರ್ವರ್ ಬ್ಯಾಂಕಿನದು, ಅಪ್‌ಡೇಟ್ ಕಂಪನಿಯದು, ಸೌಂಡ್‌ಬಾಕ್ಸ್ ಕೆಟ್ಟರೆ ಬದಲಾಯಿಸಿಕೊಡೋದು ಏಜೆಂಟ್. ಅಂಗಡಿಯಲ್ಲಿ ಉಳಿಯೋದು ಗೋಡೆಗೆ ಅಂಟಿಸಿದ ಒಂದು ಸ್ಟಿಕ್ಕರ್ ಮಾತ್ರ. ನಿರ್ವಹಣೆಯ ಭಾರವನ್ನು ದೊಡ್ಡವರೇ ಹೊತ್ತುಕೊಂಡ ಕಡೆ ಸಣ್ಣವರು ಧೈರ್ಯವಾಗಿ ಬಂದರು.

ಎರಡನೆಯದು ಟ್ಯಾಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದರು. 1986ರಲ್ಲಿ ಹೀಗೆ ಆರಂಭವಾದ ಕಂಪನಿ ಇವತ್ತಿಗೂ ನಮ್ಮ ಬೆಂಗಳೂರಿನದೇ. ಅದಕ್ಕಿಂತ ಚಂದದ ಪರದೆ ಇರುವ ಸಾಫ್ಟ್‌ವೇರ್ ಬೇಕಾದಷ್ಟು ಬಂದಿವೆ. ಆದರೂ ಅಂಗಡಿಯವರು ಟ್ಯಾಲಿ ಬಿಡಲ್ಲ. ಯಾಕೆಂದರೆ ಊರೂರಲ್ಲಿ ಅದರ ಪಾರ್ಟ್ನರ್ ಇದ್ದಾರೆ, ಬಸ್ ಸ್ಟ್ಯಾಂಡ್ ಹತ್ತಿರ ಅದನ್ನು ಕಲಿಸುವ ಸೆಂಟರ್ ಇದೆ, ಕೆಲಸಕ್ಕೆ ಬರುವ ಯಾವ ಅಕೌಂಟೆಂಟ್‌ಗೂ ಅದು ಗೊತ್ತು. ಅಂದರೆ ಅವರು ಸಾಫ್ಟ್‌ವೇರಿನ ಜೊತೆಗೆ, ಕೆಟ್ಟಾಗ ಬರುವ ಮನುಷ್ಯನನ್ನೂ ಕೊಂಡುಕೊಳ್ಳುತ್ತಿದ್ದಾರೆ. ನಮ್ಮ ಸೀನಿಯರ್ಸ್ ಪ್ರಾಜೆಕ್ಟಿನಲ್ಲಿ ಇಲ್ಲದೇ ಹೋದ ಫೀಚರ್ ಅದೊಂದೇ.

ಸಣ್ಣವರ ಇನ್ನೊಂದು ಕಷ್ಟ ಎಂದರೆ, ಅವರ ಡೇಟಾ ಏನು ಹೇಳ್ತಿದೆ ಅಂತ ಅವರಿಗೆ ಓದಿ ಹೇಳುವವರೂ ಇಲ್ಲ. 2025ರ ಜುಲೈನಲ್ಲಿ ನಡೆದದ್ದು ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ನಿಯಮ. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದವು. ಸರಿ ತಪ್ಪು ಯಾರದ್ದು ಅನ್ನೋ ಚರ್ಚೆ ಇಲ್ಲಿ ಬೇಡ. ದೊಡ್ಡ ಕಂಪನಿಯಲ್ಲಿ ಇಂಥ ಗೆರೆ ಹತ್ತಿರ ಬರುವ ಮೊದಲೇ ಎಚ್ಚರಿಸಲು ಒಂದು ಡ್ಯಾಶ್‌ಬೋರ್ಡ್, ಅದನ್ನು ನೋಡಲು ಒಬ್ಬ ಸಂಬಳದಾರ ಇರುತ್ತಾನೆ. ಬೇಕರಿಯವರಿಗೆ ಆ ಸುದ್ದಿ ನೋಟಿಸಿನ ರೂಪದಲ್ಲೇ ಬಂತು.

ಒಬ್ಬರೇ ಇರುವ ಇಲಾಖೆ

ಒಂದು ಮೆಟ್ಟಿಲು ಮೇಲೆ ಹತ್ತಿ. ಪೀಣ್ಯದಲ್ಲಿ ಐವತ್ತು ಜನರ ಮಶೀನ್ ಶಾಪ್, ನೂರು ಹಾಸಿಗೆಯ ಆಸ್ಪತ್ರೆ, ಒಂದು ರೈಸ್ ಮಿಲ್. ಇವೆಲ್ಲ ಬೇಡ, ನಮ್ಮ ಕಾಲೇಜನ್ನೇ ನೋಡಿ. ವೈಫೈ, ಲ್ಯಾಬು, ಅಟೆಂಡೆನ್ಸ್, ಫೀಸು, ಸಿಸಿಟಿವಿ, ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಎಲ್ಲಕ್ಕೂ ಸಿಸ್ಟಂ ಅಡ್ಮಿನ್ ಸರ್ ಒಬ್ಬರೇ. ಫೀ ಕಟ್ಟುವ ಕೊನೇ ದಿನ ಸರ್ವರ್ ನಿಂತರೆ ನಾವೆಲ್ಲ ಮೀಮ್ ಮಾಡಿ ಗ್ರೂಪಿಗೆ ಹಾಕ್ತೀವಿ. ಸರ್ ಮಾತ್ರ ಅವತ್ತು ಊಟ ಮಾಡಿರಲ್ಲ. ಅವರು ಒಂದು ವಾರ ರಜೆ ಹಾಕಿದರೆ ಎಷ್ಟು ಪಾಸ್‌ವರ್ಡ್‌ಗಳು ಅವರ ಜೊತೆ ಊರಿಗೆ ಹೋಗ್ತವೆ ಅಂತ ಯಾರೂ ಲೆಕ್ಕ ಹಾಕಿಲ್ಲ.

ಮಧ್ಯಮ ಗಾತ್ರದವರ ಪಾಡೇ ಹೀಗೆ. ಕಂಪ್ಯೂಟರ್ ಇಲ್ಲದೆ ಒಂದು ದಿನವೂ ನಡೆಯದಷ್ಟು ದೊಡ್ಡವರು, ಐಟಿಗೆ ಒಂದು ತಂಡ ಇಟ್ಟುಕೊಳ್ಳಲಾರದಷ್ಟು ಸಣ್ಣವರು. ಒಬ್ಬ ಅಡ್ಮಿನ್, ಪ್ರಿಂಟರಿಗೂ ಯುಪಿಎಸ್‌ಗೂ ಒಂದೊಂದು ಎಎಂಸಿ, ಹೊರಗಿನ ಒಬ್ಬ ವೆಂಡರ್. ಏನಾದರೂ ಕೆಟ್ಟರೆ ನೆಟ್‌ವರ್ಕಿನವನು ಸಾಫ್ಟ್‌ವೇರ್ ಸರಿಯಿಲ್ಲ ಅಂತಾನೆ, ಸಾಫ್ಟ್‌ವೇರಿನವನು ನೆಟ್‌ವರ್ಕ್ ಕಡೆ ಕೈ ತೋರಿಸ್ತಾನೆ. ಮಧ್ಯೆ ನಿಂತು ತೀರ್ಪು ಕೊಡುವಷ್ಟು ತಿಳಿದವರು ಕಂಪನಿಯೊಳಗೆ ಇರಲ್ಲ.

ಕಾನೂನು ಮಾತ್ರ ಕಾಯುವುದಿಲ್ಲ. ಜಿಎಸ್‌ಟಿಯ ಇ-ಇನ್‌ವಾಯ್ಸ್ ನೋಡಿ. 2020ರ ಅಕ್ಟೋಬರ್ 1ರಂದು ಅದು ಕಡ್ಡಾಯವಾದದ್ದು 500 ಕೋಟಿಗಿಂತ ಹೆಚ್ಚಿನ ವಹಿವಾಟಿನವರಿಗೆ. ಮುಂದಿನ ಜನವರಿಯಲ್ಲಿ ಗೆರೆ 100 ಕೋಟಿಗೆ ಇಳಿಯಿತು, ಏಪ್ರಿಲ್‌ನಲ್ಲಿ 50 ಕೋಟಿಗೆ. 2022ರಲ್ಲಿ 20, ಆಮೇಲೆ 10. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರೆಲ್ಲ ಒಳಗೆ. ಮೂರು ವರ್ಷ ತುಂಬುವ ಮೊದಲೇ, ನೂರಾರು ಜನರ ಐಟಿ ತಂಡ ಇದ್ದವರಿಗೆ ಹೊಲಿದ ಅಂಗಿಯನ್ನು ಒಬ್ಬ ಅಕೌಂಟೆಂಟ್ ಇರುವ ಕಾರ್ಖಾನೆಗೂ ತೊಡಿಸಿದ್ದಾಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದು ಒಳ್ಳೆಯದೇ. ಆದರೆ ನಿಯಮ ಇಳಿದು ಬಂದಷ್ಟು ಬೇಗ ಸಹಾಯ ಇಳಿದು ಬರಲಿಲ್ಲ.

ಇ-ವೇ ಬಿಲ್ ಕೂಡ ಹಾಗೇ. 50,000 ರೂಪಾಯಿಗಿಂತ ಹೆಚ್ಚಿನ ಸರಕು ಸಾಗಿಸಬೇಕಾದರೆ ಅದು ಬೇಕು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ವ್ಯಾಟ್ ಕಾಲದ ಇ-ಸುಗಮ ಬಳಸಿ ಪಳಗಿದ್ದ ವ್ಯಾಪಾರಿಗಳು ನಮ್ಮಲ್ಲಿ ಇದ್ದರು. ಆದರೂ ಸಂಜೆ ಏಳಕ್ಕೆ ಲೋಡ್ ಆದ ಲಾರಿ ಗೇಟಿನ ಮುಂದೆ ನಿಂತಿರುವಾಗ ಇಂಟರ್ನೆಟ್ ಹೋದರೆ ಆ ಕಾರ್ಖಾನೆಗೆ ಐಟಿ ಅಂದರೆ ಏನು? ಲಾರಿ ಡ್ರೈವರ್, ಪರದೆ ಮೇಲೆ ತಿರುಗುತ್ತಿರುವ ಆ ಚಕ್ರ, ಮತ್ತು ಮನೆಗೆ ಹೋಗಿಬಿಟ್ಟಿರುವ ಒಬ್ಬ ಅಕೌಂಟೆಂಟ್.

ದೊಡ್ಡವರ ಮನೆ

ಪ್ಲೇಸ್‌ಮೆಂಟ್ ಟಾಕ್‌ಗಳಲ್ಲಿ ನಾವು ಕೇಳೋದೆಲ್ಲ ಈ ಮನೆಯ ಕಥೆ. ಇಲ್ಲಿ ಏನಾದರೂ ಕೆಟ್ಟರೆ ಟಿಕೆಟ್ ಹುಟ್ಟುತ್ತೆ. ಎಲ್1 ನವರು ಫೋನ್ ಎತ್ತುತ್ತಾರೆ, ಅವರಿಂದ ಆಗದಿದ್ದರೆ ಎಲ್2, ಅಲ್ಲೂ ಆಗದಿದ್ದರೆ ಕೋಡ್ ಬರೆದವರೇ ಕೂತಿರುವ ಎಲ್3. ರಾತ್ರಿ ಎರಡು ಗಂಟೆಗೂ ಸರದಿ ಪ್ರಕಾರ ಒಬ್ಬರು ಎಚ್ಚರ ಇರುತ್ತಾರೆ. ಎಸ್‌ಎಲ್‌ಎ ಅಂತ ಒಂದು ಒಪ್ಪಂದ ಇರುತ್ತೆ. ಶೇಕಡ 99.9 ರಷ್ಟು ಹೊತ್ತು ನಡೆಯಬೇಕು ಅಂತ ಬರೆದಿದ್ದರೆ, ಲೆಕ್ಕ ಹಾಕಿ ನೋಡಿ, ಇಡೀ ವರ್ಷದಲ್ಲಿ ನಿಲ್ಲಬಹುದಾದದ್ದು ಎಂಟೂ ಮುಕ್ಕಾಲು ಗಂಟೆ. ಇನ್ನೊಂದು ಒಂಬತ್ತು ಸೇರಿಸಿ 99.99 ಮಾಡಿದರೆ ಬರೀ 52 ನಿಮಿಷ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ನಾವು ಹೋಗೋ ಹೊತ್ತಿಗೇ ಒಂದೂವರೆ ದಿನ ಆಗಿತ್ತು.

ದೊಡ್ಡವರದ್ದು ಕೆಡಲ್ಲ ಅಂತಲ್ಲ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರ್ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ಒಳಗೆ ನುಗ್ಗಿತು. ಜಗತ್ತಿನಾದ್ಯಂತ ಅವರ ಕಂಪ್ಯೂಟರ್‌ಗಳು ನಿಂತವು. ನೆಟ್‌ವರ್ಕಿನಲ್ಲಿ ಯಾರು ಯಾರು ಅಂತ ಗುರುತು ಹಿಡಿಯುವ ಡೊಮೇನ್ ಕಂಟ್ರೋಲರ್‌ಗಳು ಒಂದರ ಜೊತೆ ಒಂದು ತಾಳೆ ಮಾಡಿಕೊಳ್ಳುತ್ತಿದ್ದವು. ಒಂದು ಹೋದರೆ ಇನ್ನೊಂದು ಇದೆಯಲ್ಲ ಅನ್ನೋ ಧೈರ್ಯ. ಎಲ್ಲವೂ ಒಟ್ಟಿಗೇ ಅಳಿಸಿಹೋಗುವ ದಿನವನ್ನು ಯಾರೂ ಊಹಿಸಿರಲಿಲ್ಲ. ಕೊನೆಗೆ ಆಫ್ರಿಕಾದ ಘಾನಾದ ಕಚೇರಿಯಲ್ಲಿ ಒಂದು ಮಾತ್ರ ಉಳಿದಿದೆ ಅಂತ ಗೊತ್ತಾಯಿತು. ಕಾರಣ, ದಾಳಿಗೆ ಮುಂಚೆ ಅಲ್ಲಿ ಕರೆಂಟ್ ಹೋಗಿ ಆ ಯಂತ್ರ ನೆಟ್‌ವರ್ಕಿನಿಂದ ಹೊರಗಿತ್ತು! ಆ ಪ್ರತಿಯನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ತಂದರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದೆವು ಅಂತ ಕಂಪನಿಯ ಅಧ್ಯಕ್ಷರೇ ಮುಂದಿನ ವರ್ಷ ದಾವೋಸ್‌ನಲ್ಲಿ ಹೇಳಿದರು.

ಈ ಕಥೆ ಕೇಳಿದಾಗ ನಮಗೆ ನೆನಪಾದದ್ದು ಡಿ ಡ್ರೈವ್. ಅಷ್ಟು ದೊಡ್ಡ ಕಂಪನಿಯ ತಪ್ಪೂ, ನಮ್ಮ ಸೀನಿಯರ್ಸ್ ತಪ್ಪೂ ಒಂದೇ ಜಾತಿಯದು. ಜೊತೆಯಲ್ಲೇ ಹಾಳಾಗಬಹುದಾದ ಜಾಗದಲ್ಲಿ ಪ್ರತಿ ಇಟ್ಟು ಅದನ್ನು ಬ್ಯಾಕಪ್ ಅಂತ ಕರೆದಿದ್ದು. ಆದರೆ ತಪ್ಪಾದ ಮೇಲೆ ಅವರು ಹಗಲೂ ರಾತ್ರಿ ಕೆಲಸಕ್ಕೆ ಜನ ಕೂರಿಸಿದರು, ಕೋಟಿಗಟ್ಟಲೆ ಡಾಲರ್ ನಷ್ಟ ಅರಗಿಸಿಕೊಂಡರು. ಹಾರ್ಡ್‌ವೇರ್ ಅಂಗಡಿಗೆ ಸಿಕ್ಕಿದ್ದು ಟೆಸ್ಟ್ ಮುಗಿಸಿ ಬಂದ ಮೂವರು ಹುಡುಗರು.

ಒಂದೇ ತಿಂಗಳು, ಎರಡು ಘಟನೆ

2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟ ಫೋಟೋ ಎಲ್ಲರೂ ನೋಡಿದ್ದೇವೆ. ತಪ್ಪು ಅಪ್‌ಡೇಟನ್ನು ಒಂದೂವರೆ ಗಂಟೆಯೊಳಗೆ ವಾಪಸ್ ತಗೊಂಡರು. ಆದರೆ ಆಗಲೇ ಮಲಗಿದ್ದವನ್ನು ಎಬ್ಬಿಸಲು ಬಹಳ ಕಡೆ ಒಂದೊಂದು ಯಂತ್ರದ ಮುಂದೂ ಒಬ್ಬ ಮನುಷ್ಯ ಹೋಗಿ, ಸೇಫ್ ಮೋಡಿನಲ್ಲಿ ತೆರೆದು, ಒಂದು ಫೈಲ್ ಅಳಿಸಬೇಕಾಯಿತು. ಇಷ್ಟೆಲ್ಲ ಆಟೊಮೇಷನ್ ಆದಮೇಲೂ ಕೊನೆಗೆ ಬೇಕಾದದ್ದು ಕೀಬೋರ್ಡ್ ಮೇಲೆ ಕೈ. ಯಾರ ಹತ್ತಿರ ಅಷ್ಟು ಕೈಗಳಿದ್ದವೋ ಅವರು ಬೇಗ ಎದ್ದರು.

ಅದೇ ತಿಂಗಳು 31. ಸಹಕಾರಿ ಬ್ಯಾಂಕುಗಳಿಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ಮೇಲೆ ರ‍್ಯಾನ್ಸಂವೇರ್ ದಾಳಿಯಾಯಿತು. ಸೋಂಕು ಹರಡದಂತೆ ಎನ್‌ಪಿಸಿಐ ಅದರ ಸಂಪರ್ಕ ತಪ್ಪಿಸಿತು. ವರದಿಗಳ ಪ್ರಕಾರ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆಗಳು ನಿಂತವು. ಮಾರನೇ ದಿನ ಸಂಪರ್ಕ ಮರಳಿತು. ಅನುಮಾನ ಬಂದ ಕೂಡಲೇ ಬಾಗಿಲು ಹಾಕಿದ್ದು ಸರಿಯಾದ ಕ್ರಮವೇ. ಆದರೂ ಮೊದಲ ಘಟನೆಯ ನೀಲಿ ಪರದೆ ನಮ್ಮ ಗ್ರೂಪುಗಳಲ್ಲಿ ವಾರಗಟ್ಟಲೆ ಓಡಾಡಿತು, ಎರಡನೆಯದರ ಬಗ್ಗೆ ಒಂದು ಸಾಲೂ ಬರಲಿಲ್ಲ. ವಿಮಾನ ತಪ್ಪಿದವರ ಕಷ್ಟ ಕಂಡಷ್ಟು, ಸಹಕಾರಿ ಬ್ಯಾಂಕಿನ ಎಟಿಎಂ ಮುಂದೆ ನಿಂತವರ ಕಷ್ಟ ನಮಗೆ ಕಾಣಲಿಲ್ಲ.

ಹೌದು, ಆದರೆ...

ಈ ವಿಷಯ ಕ್ಲಬ್ಬಿನಲ್ಲಿ ಎತ್ತಿದಾಗ ಗೆಳೆಯರು ಮೂರು ಆಕ್ಷೇಪ ತೆಗೆದರು. ಮೂರೂ ನ್ಯಾಯವಾದವೇ.

“ಎಲ್ಲಾ ಕ್ಲೌಡಿಗೆ ಹಾಕಿಬಿಟ್ರೆ ಮುಗೀತಲ್ಲ?” ಅರ್ಧ ಸಮಸ್ಯೆ ಮುಗಿಯುತ್ತೆ, ಒಪ್ಪುತ್ತೇವೆ. ಯುಪಿಐ ಗೆದ್ದದ್ದೂ ಹಾಗೆಯೇ. ಆದರೆ ಕ್ಲೌಡಿಗೆ ಒಂದು ಲಾಗಿನ್ ಬೇಕು. ಆ ಲಾಗಿನ್ನಿನ ಓಟಿಪಿ ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲಿಗೆ ಹೋಗುತ್ತಿದ್ದರೆ? ಚಂದಾ ಕಟ್ಟೋದು ಮರೆತರೆ? ಡಿಸ್ಕ್ ಸಾಯುವ ಭಯ ಹೋಯಿತು, ಬಾಗಿಲ ಕೀಲಿ ಕಳೆಯುವ ಭಯ ಬಂತು. ಅದಕ್ಕೂ ಒಬ್ಬ ನೋಡಿಕೊಳ್ಳುವವರು ಬೇಕು. ಮುನ್ನೂರು ಬ್ಯಾಂಕುಗಳು ಒಂದೇ ಕಡೆ ಒರಗಿದ್ದಾಗ ಏನಾಯಿತು ಅನ್ನೋದನ್ನೂ ಈಗ ತಾನೇ ನೋಡಿದೆವು.

“ಸಣ್ಣ ಅಂಗಡಿಯೋರು ಇದಕ್ಕೆಲ್ಲ ದುಡ್ಡು ಬಿಚ್ಚಲ್ಲ.” ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಅದೇ ಅಂಗಡಿಯವರು ತಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ತೂಕ-ಅಳತೆ ಇಲಾಖೆಯ ಮುದ್ರೆ ಹಾಕಿಸುತ್ತಾರೆ. ಯುಪಿಎಸ್ ಬ್ಯಾಟರಿಗೆ ನೀರು ಹಾಕಿಸುತ್ತಾರೆ. ಆಯುಧಪೂಜೆಗೆ ಮೊದಲು ಎಲ್ಲ ಯಂತ್ರ ಒರೆಸಿ ಎಣ್ಣೆ ಬಿಡುತ್ತಾರೆ. ನೋಡಿಕೊಳ್ಳುವ ಸಂಸ್ಕಾರ ಅವರಿಗೆ ನಮಗಿಂತ ಚೆನ್ನಾಗಿಯೇ ಇದೆ. ಸಾಫ್ಟ್‌ವೇರಿಗೂ ಸರ್ವಿಸ್ ಬೇಕಾಗುತ್ತೆ ಅಂತ ಅವರಿಗೆ ಹೇಳಿದವರಿಲ್ಲ, ಅಷ್ಟೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಉಚಿತ ಸಪೋರ್ಟ್ ಮುಗಿಯಿತು ಅನ್ನೋ ಸುದ್ದಿಯನ್ನ ನಾವು ಪೇಟೆ ಬೀದಿಯ ಹತ್ತು ಅಂಗಡಿಯಲ್ಲಿ ಕೇಳಿದೆವು. ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮೂವರು “ಹೊಸಾದಕ್ಕೆ ಎಷ್ಟಾಗುತ್ತೆ?” ಅಂತ ಕೇಳಿದರು.

“ನಾವು ಓದೋಕೆ ಬಂದಿದ್ದೀವಿ, ರಿಪೇರಿ ಮಾಡೋಕಲ್ಲ.” ಇದು ನಿಜಕ್ಕೂ ಗಟ್ಟಿ ಮಾತು. ಸೆಮಿಸ್ಟರ್ ಎಕ್ಸಾಂ ಮಧ್ಯೆ ಅಂಗಡಿಯ ಪ್ರಿಂಟರ್ ನೋಡಲು ಹೋಗಿ ಅಂತ ನಾವು ಯಾರಿಗೂ ಹೇಳಲಾರೆವು. ಆದರೆ ಅಂಗಡಿಯವರ ಎರಡು ವರ್ಷದ ಲೆಕ್ಕ ಕೈಗೆ ತಗೊಂಡು, ಮಾರ್ಕ್ಸ್ ಬಂದ ಮಾರನೇ ದಿನ ಕೈ ಬಿಟ್ಟು ಹೋಗೋದು ಓದಿನ ಭಾಗ ಹೇಗಾಗುತ್ತೆ? ಮಾಡೋದೇ ಆದರೆ ಕೊನೆಯವರೆಗೂ ಯೋಚಿಸಿ ಮಾಡೋಣ. ಆಗದಿದ್ದರೆ ನಿಜವಾದ ಅಂಗಡಿಯ ನಿಜವಾದ ಲೆಕ್ಕವನ್ನು ಮುಟ್ಟದೇ ಡೆಮೊ ಡೇಟಾದಲ್ಲೇ ಪ್ರಾಜೆಕ್ಟ್ ಮುಗಿಸೋಣ. ಅದರಲ್ಲಿ ಅವಮಾನ ಏನಿಲ್ಲ.

ನಮ್ಮ ಕೈಲಾಗುವುದು

ಆದ್ದರಿಂದ ಹೊರಗಿನವರಿಗೆ ಕೆಲಸ ಮಾಡಿಕೊಡುವ ಪ್ರತಿ ಪ್ರಾಜೆಕ್ಟ್ ತಂಡಕ್ಕೂ ನಾಲ್ಕು ಮಾತು ಹೇಳುತ್ತೇವೆ. ಗೈಡ್‌ಗಳೂ ವೈವಾದಲ್ಲಿ ಇವನ್ನೇ ಕೇಳಲಿ ಅನ್ನೋದು ನಮ್ಮ ವಿನಂತಿ.

ಒಂದು, ಬ್ಯಾಕಪ್ ಇದೆ ಅಂತ ಹೇಳಬೇಡಿ, ವಾಪಸ್ ತಂದು ತೋರಿಸಿ. ಹಳೇ ಸೂತ್ರ ಎಲ್ಲರಿಗೂ ಗೊತ್ತು: ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಒಂದು ಪೆನ್ ಡ್ರೈವ್, ಒಂದು ಇಮೇಲ್ ಖಾತೆ ಸಾಕು ಇದಕ್ಕೆ. ಖಾಲಿ ಲ್ಯಾಪ್‌ಟಾಪ್ ತಂದು, ಬ್ಯಾಕಪ್ಪಿನಿಂದ ಅಂಗಡಿಯ ಲೆಕ್ಕ ಮತ್ತೆ ಎದ್ದು ನಿಲ್ಲೋದನ್ನು ಪರೀಕ್ಷಕರ ಮುಂದೆ ಮಾಡಿ ತೋರಿಸೋಣ. ಸತ್ತ ಡಿಸ್ಕಿನ ಮುಂದೆ ನಿಂತಾಗ ಅಷ್ಟೇ ಲೆಕ್ಕಕ್ಕೆ ಬರೋದು.

ಎರಡು, ಡೇಟಾ ಅಂಗಡಿಯವರದ್ದು. ನಮ್ಮ ಸಾಫ್ಟ್‌ವೇರ್ ನಾಳೆ ಇಲ್ಲವಾದರೂ ಅವರ ಲೆಕ್ಕ ಒಂದು ಬಟನ್ ಒತ್ತಿದರೆ ಎಕ್ಸೆಲ್ ಹಾಳೆಯಾಗಿ ಹೊರಗೆ ಬರುವಂತಿರಬೇಕು. ಕಡದ ಬಾಕಿ ಪಟ್ಟಿಯನ್ನು ತಿಂಗಳಿಗೊಮ್ಮೆ ಕಾಗದದ ಮೇಲೆ ತೆಗೆದಿಡುವ ಸೌಲಭ್ಯ ಇರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಆ ಒಂದು ಹಾಳೆ ಇದ್ದಿದ್ದರೆ ಆ ಹಳೇ ಗಿರಾಕಿ ಇವತ್ತೂ ಬರುತ್ತಿದ್ದರು.

ಮೂರು, ಕನ್ನಡ. ನಮ್ಮದು ಕನ್ನಡ ಸಂಘ, ರಾಜ್ಯೋತ್ಸವಕ್ಕೆ ಬಾವುಟ ಕಟ್ಟುತ್ತೇವೆ, ಒಳ್ಳೆಯದು. ಆದರೆ ನಾವು ಕೊಡುವ ಸಾಫ್ಟ್‌ವೇರ್ ಕೆಟ್ಟಾಗ ಯಜಮಾನರಿಗೆ ಬರುವ ಸಂದೇಶ ಯಾವ ಭಾಷೆಯಲ್ಲಿ ಇರುತ್ತೆ? ‘ಏನಾದರೆ ಏನು ಮಾಡಬೇಕು’ ಅಂತ ಒಂದೇ ಒಂದು ಪುಟ, ಕನ್ನಡದಲ್ಲಿ, ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸೋಣ. ಪ್ರಿಂಟ್ ಬರದಿದ್ದರೆ ಇದು, ಪರದೆ ಕಪ್ಪಾದರೆ ಇದು, ಸದ್ದು ಬಂದರೆ ಕೂಡಲೇ ಆಫ್ ಮಾಡಿ ಈ ನಂಬರಿಗೆ ಫೋನ್ ಮಾಡಿ. ಇದನ್ನು ಬರೆಯೋಕೆ ಕೋಡಿಂಗ್ ಬರಬೇಕಿಲ್ಲ. ಸಿವಿಲ್, ಮೆಕ್ಯಾನಿಕಲ್ ಗೆಳೆಯರೂ ಬನ್ನಿ.

ನಾಲ್ಕು, ಆ ನಂಬರ್. ಅದು ಯಾರೋ ಒಬ್ಬ ಜೂನಿಯರ್‌ದು ಆಗಿರಬಾರದು. ಸಂಘದ ಹೆಸರಿನಲ್ಲಿ ಒಂದು ಸಿಮ್, ಒಂದು ಹಳೇ ಫೋನು. ಬ್ಯಾಚ್‌ನಿಂದ ಬ್ಯಾಚ್‌ಗೆ ಫೋನೂ, ಅದರ ಜೊತೆ ಒಂದು ನೋಟ್‌ಬುಕ್ಕೂ ಕೈ ಬದಲಾಗಬೇಕು. ಯಾವ ಅಂಗಡಿಗೆ ಏನು ಕೊಟ್ಟಿದ್ದೇವೆ, ಕೋಡ್ ಎಲ್ಲಿದೆ, ಯಾವತ್ತು ಹೋಗಿ ನೋಡಿದೆವು. ನಮಗೆಲ್ಲ 100 ಆಕ್ಟಿವಿಟಿ ಪಾಯಿಂಟ್ ಬೇಕೇ ಬೇಕು. ಅದಕ್ಕಾಗಿ ಗಿಡ ನೆಟ್ಟು ಫೋಟೋ ತೆಗೆಸಿಕೊಂಡು ನೀರು ಹಾಕೋದು ಮರೆತವರು ನಾವು. ಈ ಕೆಲಸವನ್ನೂ ಆ ಪಾಯಿಂಟ್‌ಗಳ ಲೆಕ್ಕಕ್ಕೆ ತಗೊಳ್ಳಿ ಅಂತ ಕಾಲೇಜನ್ನು ಕೇಳೋಣ.

ಇದರಿಂದ ನಮಗೇನು ಲಾಭ ಅನ್ನುವವರಿಗೆ ಒಂದು ಮಾತು. ಕೆಲಸಕ್ಕೆ ಸೇರಿದ ಮೇಲೆ ನಮ್ಮಲ್ಲಿ ಬಹಳ ಜನ ಮೊದಲು ಕೂರೋದು ಸಪೋರ್ಟ್ ಪ್ರಾಜೆಕ್ಟಿನಲ್ಲೇ. ಡೆವಲಪ್‌ಮೆಂಟ್ ಸಿಗಲಿಲ್ಲ ಅಂತ ಅಳುವ ಸೀನಿಯರ್ಸ್ ಫೋನ್‌ಗಳು ನಮಗೂ ಬರುತ್ತವೆ. ಆ ಟಿಕೆಟ್ಟಿನ ಆ ಕಡೆ ಕೂತಿರೋ ಮನುಷ್ಯನ ಮುಖ ಒಂದು ಸಲ ನೋಡಿದವರಿಗೆ ಆ ಕೆಲಸ ಕೀಳು ಅನ್ನಿಸಲ್ಲ. ನಾವಂತೂ ನೋಡಿದ್ದೇವೆ.

ಹಾರ್ಡ್‌ವೇರ್ ಅಂಗಡಿಗೆ ಈಗ ಹೊಸ ಡಿಸ್ಕ್ ಬಂದಿದೆ. ಸೀನಿಯರ್ಸ್ ಕೋಡ್ ಕಳಿಸಿದರು, ಖರ್ಚಿಗೆ ಅಂತ ದುಡ್ಡೂ ಕಳಿಸಿದರು. ನಾವು ಬ್ಯಾಕಪ್ ದಾರಿ ಸರಿ ಮಾಡಿ, ಗೋಡೆಗೆ ಕನ್ನಡದ ಹಾಳೆ ಅಂಟಿಸಿ ಬಂದಿದ್ದೇವೆ. ತಿಂಗಳ ಮೊದಲ ಭಾನುವಾರ ಇಬ್ಬರು ಹೋಗಿ ಪೆನ್ ಡ್ರೈವಿನಿಂದ ಲೆಕ್ಕ ತೆರೆದು ನೋಡಿ ಬರ್ತಾರೆ. ಕೆಂಪು ರಟ್ಟಿನ ಖಾತೆ ಪುಸ್ತಕವನ್ನು ಯಜಮಾನರು ಮತ್ತೆ ಹೊರಗೆ ತೆಗೆದಿದ್ದಾರೆ. ಎರಡರಲ್ಲೂ ಬರೆಯುತ್ತಾರೆ. “ಬೇಜಾರ್ ಮಾಡ್ಕೋಬೇಡ್ರಪ್ಪಾ, ಒಂದು ವರ್ಷ ನೋಡ್ತೀನಿ” ಅಂದರು.

ಆ ಒಂದು ವರ್ಷಕ್ಕೆ ಹನ್ನೆರಡು ಭಾನುವಾರ, ಇಪ್ಪತ್ನಾಲ್ಕು ಜನ ಬೇಕು. ಈಗ ಪಟ್ಟಿಯಲ್ಲಿ ಒಂಬತ್ತು ಹೆಸರಿದೆ. ಹೆಸರು ಕೊಡುವವರು ಶುಕ್ರವಾರ ಸಂಜೆ ಕ್ಲಾಸ್ ಮುಗಿದ ಮೇಲೆ ಸಂಘದ ಕೋಣೆಗೆ ಬನ್ನಿ.